ಬಟ್ಟಲಲ್ಲಿ ಉಳಿದ ಚಹಾ

ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ನಿಂತವನಿಗೆ ಒಂದು ಚಟ ಅಂಟಿಬಿಡುತ್ತದೆ: ಏನನ್ನೇ ಕೊಡಲಿ, ಹೇಗೆ ನುಂಗಬೇಕೆಂದು ಬರೆಯದೆ ಕೊಡಲಾರ. ಬರೆಯುವ ನಮ್ಮಂಥವರಿಗೂ ಈ ಚಟವಿದೆ. ಅದು ಬೇರೆ ಮಾತು. ನಮ್ಮ ಅಂಗಡಿಯಪ್ಪ ಸಂಜೆ ತರಗತಿಗೆ ಹನ್ನೆರಡು ವರ್ಷ ಚಪ್ಪಲಿ ಸವೆಸಿ ಚೀನೀ ಭಾಷೆ ಕಲಿತು, ಹಳೆಯ ಚೀನೀ ಕವಿತೆಗಳನ್ನು ಕನ್ನಡಕ್ಕೆ ತರುತ್ತಿದ್ದ. ಇಪ್ಪತ್ತೇ ಅಕ್ಷರದ ಕವಿತೆ ಅವನ ಕೈಗೆ ಸಿಕ್ಕರೆ ಎರಡು ಪುಟವಾಗಿ ಊದಿಕೊಳ್ಳುತ್ತಿತ್ತು.

ಪ್ರಕಾಶಕರು ಎರಡು ಸಲ ಹಸ್ತಪ್ರತಿ ವಾಪಸು ಕಳಿಸಿ, ಅರ್ಥವೆಲ್ಲ ಬಂದಿದೆ, ಭಾವ ಮಾತ್ರ ದಾರಿಯಲ್ಲೇ ಇಳಿದುಹೋಗಿದೆ ಎಂದಿದ್ದರು. ಭಾನುವಾರ ವಾಚನಾಲಯದಲ್ಲಿ ಒಂದು ಕವಿತೆ ಓದಲಿ, ಕೇಳಿ ಪುಸ್ತಕದ ಹಣೆಬರಹ ತೀರ್ಮಾನಿಸೋಣ ಎಂಬುದು ಅವರ ಕೊನೆಯ ಮಾತು.

ಅವನು ಆರಿಸಿದ್ದು ಗೆಳೆಯನನ್ನು ಹುಡುಕಿ ಬೆಟ್ಟ ಹತ್ತಿದವನ ಕವಿತೆ. ಕೆಳಗೆ, ಮೋಡವೆಂದರೆ ಸ್ವಾತಂತ್ರ್ಯವೆಂದೂ ಕವಿಗೆ ಮೊದಲು ಬೇಸರ, ಆಮೇಲೆ ಸಂತೋಷವೆಂದೂ ಉದ್ದದ ವಿವರಣೆ. ಬೆರಳಚ್ಚು ಮಾಡಿಕೊಡುತ್ತಿದ್ದ ಅವನ ಅಕ್ಕ ಅರ್ಧದಲ್ಲೇ ಕನ್ನಡಕ ತೆಗೆದಳು.

“ಲೋ, ಇದು ಕವಿತೆನೋ ಕೆಮ್ಮಿನ ಔಷಧೀನೋ? ಊಟಕ್ಕೆ ಮುಂಚೆ ಬೇಸರ, ಊಟ ಆದ್ಮೇಲೆ ಸಂತೋಷ ಅಂತಾನೂ ಸೇರಿಸಿಬಿಡು.”

ಜನರಿಗೆ ಗೊತ್ತಾಗಬೇಡವೇ ಎಂದು ಅವನು ಮುಖ ಊದಿಸಿಕೊಂಡ. ಅಕ್ಕ ಕನ್ನಡಕ ಏರಿಸಿಕೊಂಡು ಮತ್ತೆ ಬೆರಳಚ್ಚಿಗೆ ಕುಳಿತಳು.

ಭಾನುವಾರ, ಅವಳು ಮಡಿಸಿ ಕೊಟ್ಟಿದ್ದ ಹಾಳೆಯನ್ನು ವೇದಿಕೆಯ ಮೇಲೆಯೇ ಬಿಚ್ಚಿ ಓದಿದ:

ಬಾಗಿಲು ತೆರೆದೇ ಇದೆ,
ಗೆಳೆಯನಿಲ್ಲ.
ಬಟ್ಟಲಲ್ಲಿ ಚಹಾ ಇನ್ನೂ ಬಿಸಿ.
ಬೆಟ್ಟದ ಮೇಲೊಂದು ಮೋಡ.

ಅಷ್ಟೇ. ವಿವರಣೆಯನ್ನು ಅಕ್ಕ ಬೆರಳಚ್ಚು ಮಾಡಿಯೇ ಇರಲಿಲ್ಲ. ಹಾಳೆ ತಿರುಗಿಸಿದ, ಹಿಂದೆಯೂ ಬರೀ ಬಿಳಿ. ಸಭೆಯ ಮೂರನೇ ಸಾಲಿನಲ್ಲಿ ಕುಳಿತಿದ್ದ ಅಕ್ಕ ಛಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಬಾಯಿಗೆ ಬಂದಷ್ಟು ಹೇಳೋಣವೆಂದರೆ ವಿವರಣೆಯ ಒಂದು ಸಾಲೂ ನೆನಪಾಗಲಿಲ್ಲ. ಬೆವರು ಒರೆಸಿಕೊಂಡು ಹಾಳೆಯನ್ನು ಮತ್ತೆ ಮಡಿಸಿದ.

ಆಗ ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ಕೇಳಿದರು: “ಎಲ್ಲಿಗ್ ಹೋದ್ನಪ್ಪಾ ಅವ್ನು?”

“ಗೊತ್ತಿಲ್ಲಮ್ಮ,” ಎಂದ ಅಂಗಡಿಯಪ್ಪ. ಪ್ರಶ್ನೆಯೊಂದಕ್ಕೆ ಈ ಉತ್ತರ ಕೊಟ್ಟದ್ದು ಅವನ ಜನ್ಮದಲ್ಲೇ ಮೊದಲು.

ಚಹಾ ಬಿಸಿ ಇದೆಯೆಂದರೆ ಇಲ್ಲೇ ಎಲ್ಲೋ ಇದ್ದಾನೆ ಎಂದರು ಅಜ್ಜಿ. ಆ ಮೋಡದೊಳಗೇ ಇದ್ದಾನೆ ಎಂದಿತು ಹಿಂದಿನ ಸಾಲು. ಬರುವವನಿಗೆಂದೇ ಚಹಾ ಇಟ್ಟುಹೋಗಿರಬೇಕೆಂದು ಮತ್ತೊಬ್ಬರು. ಸಭೆಗೆ ಸಭೆಯೇ ಗೆಳೆಯನನ್ನು ಹುಡುಕಲು ಹೊರಟಿತು. ಪುಸ್ತಕ ಹೀಗೇ ಬರಲಿ, ಟಿಪ್ಪಣಿ ಒಂದೂ ಬೇಡ ಎಂಬುದನ್ನು ಪ್ರಕಾಶಕರು ಆ ಗದ್ದಲದಲ್ಲಿ ಅವನ ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು.

ಮನೆಗೆ ಬರುವ ದಾರಿಯಲ್ಲಿ ಅಕ್ಕನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದುಕೊಂಡಿದ್ದ. ಬಾಯಿ ತೆರೆದಾಗ ಬಂದದ್ದೇ ಬೇರೆ.

“ಅಕ್ಕಾ, ನಿಂಗೇನನ್ಸತ್ತೆ, ಅವನು ನಿಜವಾಗ್ಲೂ ಎಲ್ಲಿಗೆ ಹೋಗಿರ್ಬೋದು?”