ಮುತ್ಯಾನ ಅಪ್ಪ ಯಾರು

ನಮ್ಮ ಮುತ್ಯಾನ ಅಪ್ಪ ಯಾರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾರಾಯಣಪೇಟೆಯಲ್ಲಿ ಉಳಿದವರೆಲ್ಲ ಕೇಳುತ್ತಿದ್ದರು. ಈಗ ನನ್ನ ಮೊಮ್ಮಗ ವಂಶಾವಳಿ ಬರೆಯುತ್ತೇನೆಂದು ಕೂತು, ಇಲ್ಲಿ ಯಾರ ಹೆಸರು ಹಾಕಲಿ ಅಜ್ಜಿ ಎಂದು ಫೋನಿನಲ್ಲಿ ಪೀಡಿಸುತ್ತಿದ್ದಾನೆ. ಬಿಡು ಎಂದರೆ ಬಿಡುವ ಪೈಕಿ ಅಲ್ಲ ಅವನು. ಹಾಗಾಗಿ ನನಗೆ ಗೊತ್ತಿರುವುದನ್ನು ಗೊತ್ತಿರುವಷ್ಟು ಹೇಳಿಬಿಡುತ್ತೇನೆ.

ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ. ಅವನ ತಾಯಿಯನ್ನು ನಾವು ದೊಡ್ಡಾಯಿ ಎನ್ನುತ್ತಿದ್ದೆವು. ಮಕ್ತಲ್‌ನಲ್ಲಿ ಹುಟ್ಟಿದ ಅವಳನ್ನು ಮೊದಲು ಗದ್ವಾಲದ ಒಂದು ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಗಂಡ ಕಾಲರಾಕ್ಕೆ ಹೋದ. ತವರಿಗೆ ಮರಳಿದವಳನ್ನು ಕೆಲವೇ ತಿಂಗಳಲ್ಲಿ ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬ ಉಡಿಕೆ ಮಾಡಿಕೊಂಡ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದೇ ಉಡಿಕೆ. ಹಂದರವಿಲ್ಲ, ವಾಲಗವಿಲ್ಲ, ಆದರೆ ತಪ್ಪೂ ಇಲ್ಲ. ತಪ್ಪು ಹುಡುಕುವವರಿಗೆ ದಾರಿ ಸಿಕ್ಕಿದ್ದು ಆಮೇಲೆ. ಉಡಿಕೆಯಾದ ಐದಾರು ತಿಂಗಳಿಗೇ ಮುತ್ಯಾ ಹುಟ್ಟಿದ.

ಸತ್ತ ಗಂಡನ ಕೂಸು ಎಂದರು ಕೆಲವರು. ಅದು ದೊಡ್ಡಾಯಿಗೆ ಮರ್ಯಾದೆಯ ಮಾತು. ವ್ಯಾಪಾರಿ ಮಕ್ತಲ್ ಸಂತೆಗೆ ಬರೀ ಸೀರೆ ಮಾರಲು ಬರುತ್ತಿರಲಿಲ್ಲ ಎಂದರು ಉಳಿದವರು. ಅದು ಹಾದರದ ಮಾತು. ತಿಂಗಳು ಎಣಿಸೋಣವೆಂದರೆ, ಕಾಲರಾದಲ್ಲಿ ಮನೆಮನೆಗೂ ಹೆಣ ಬಿದ್ದಾಗ ಯಾರು ಯಾವಾಗ ಸತ್ತರೆಂದು ಯಾರಿಗೆ ನೆನಪು? ಸಾಕಿದ ವ್ಯಾಪಾರಿ ತುಟಿ ಬಿಚ್ಚದೆ ತೀರಿಕೊಂಡ. ದೊಡ್ಡಾಯಿಯೂ ತುಟಿ ಬಿಚ್ಚಲಿಲ್ಲ. ತಮ್ಮ ಕೂಸನ್ನು ಇಟ್ಟುಕೊಂಡರೆಂಬ ಸಿಟ್ಟಿಗೆ ಗದ್ವಾಲದವರು ನಮ್ಮ ಮನೆಯ ನೀರು ಮುಟ್ಟುವುದನ್ನೇ ಬಿಟ್ಟರು.

ಆ ಎರಡು ಮನೆಗಳನ್ನು ಮತ್ತೆ ಒಂದು ಪಂಕ್ತಿಯಲ್ಲಿ ಕೂಡಿಸಿದ್ದು ರಜಾಕಾರರ ಭಯ. ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಬೇಸಿಗೆಯಲ್ಲಿ ನಾವು ಬಂಡಿ ಕಟ್ಟಿಕೊಂಡು ಕೃಷ್ಣೆ ದಾಟಿ, ತುಂಗಭದ್ರೆಯನ್ನೂ ದಾಟಿ, ನಿಜಾಮನ ಸರಹದ್ದಿನ ಆಚೆ ಕರ್ನೂಲಿನ ಕಡೆಯ ಒಂದು ಛತ್ರದಲ್ಲಿ ಬಿದ್ದುಕೊಂಡೆವು. ಗದ್ವಾಲದವರೂ ಅಲ್ಲೇ ಇದ್ದರು. ಜೀವ ಉಳಿದರೆ ಸಾಕೆಂದು ಬಂದವರಿಗೆ ಎಲ್ಲಿಯ ಮುನಿಸು? ಎರಡೂ ಮನೆಗೆ ಒಂದೇ ಒಲೆ ಉರಿಯಿತು.

ಅವರಲ್ಲೊಬ್ಬ ಇಪ್ಪತ್ತರ ಹುಡುಗನಿದ್ದ, ದೊಡ್ಡಾಯಿಯ ಮೊದಲ ಗಂಡನ ಅಣ್ಣನ ಮರಿಮಗ. ಹಲ್ಲಿಲ್ಲದ ದೊಡ್ಡಾಯಿಗೆ ದಿನಾ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಕೊಡುತ್ತಿದ್ದ. ಕೊಡುವಾಗ ನನ್ನ ಕಡೆ ನೋಡುತ್ತಿದ್ದ. ನನಗೆ ಆಗ ಹದಿನಾರು. ನನಗೆ ಅವನೇ ಬೇಕಾಗಿದ್ದ. ಈ ವಯಸ್ಸಿನಲ್ಲಿ ಹೇಳಲು ನಾಚಿಕೆ ಏನು ಬಂತು.

ಸೈನ್ಯ ಬಂತು, ನಿಜಾಮ ಶರಣಾದ, ನಾವು ಊರಿಗೆ ಮರಳಿದೆವು. ವರ್ಷ ತಿರುಗುವುದರೊಳಗೆ ಗದ್ವಾಲದವರು ಹೆಣ್ಣು ಕೇಳಿಕೊಂಡು ಬಂದರು. ಹಳೆಯ ಸಿಟ್ಟಿನವರು ಸತ್ತುಹೋಗಿದ್ದರು, ಹುಡುಗ ಹಟ ಹಿಡಿದಿದ್ದ. ಎಲ್ಲ ಕುದುರಿತು ಎನ್ನುವಾಗ ಮಠದ ಅಯ್ಯನವರು ಬೆಡಗಿನ ಮಾತು ತೆಗೆದರು. ಬೆಡಗು ಅಪ್ಪನಿಂದ ಮಕ್ಕಳಿಗೆ ಬರುವ ಕುಲದ ಗುರುತು. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಅವರೊಳಗೆ ಲಗ್ನವಿಲ್ಲ.

“ನಿಮ್ಮ ಮುತ್ಯಾ ಗದ್ವಾಲದವನ ಮಗ ಆಗಿದ್ರ, ಈ ಹುಡುಗ ಹುಡುಗಿ ಒಂದ ಬೆಡಗು ಆಗತಾವ್ರೀ,” ಎಂದರು ಅಯ್ಯನವರು. “ವ್ಯಾಪಾರಿ ಮಗ ಆಗಿದ್ರ ಅಡ್ಡಿ ಇಲ್ಲ. ಹೇಳಾಕ ಒಬ್ಬಾಕೀನ ಉಳಿದಾಳ. ಆಕೀನ್ನ ಕೇಳೋಣು.”

ಹಾಗೆ ಕೇಳಲು ಎಲ್ಲರೂ ಕೂಡುವ ಹಿಂದಿನ ದಿನ ನಾನು ದೊಡ್ಡಾಯಿಯ ಕಾಲು ಒತ್ತುತ್ತ ಒಂದೇ ಸಮನೆ ಅತ್ತೆ. ಬಾಯಿಬಿಟ್ಟು ಏನೂ ಕೇಳಲಿಲ್ಲ. “ಸಾಕು ಮಾಡು, ಮಾರಿ ಬಾತೈತಿ. ನಾಳೆ ನಿನ್ನ ನೋಡಿ ಮಂಗ್ಯಾ ಅಂದಾರು,” ಎಂದಳು ಅವಳು.

ಪಡಸಾಲೆಯಲ್ಲಿ ಎರಡೂ ಮನೆಯ ಗಂಡಸರು ಕೂತರು. ಅರವತ್ತು ದಾಟಿದ ಮುತ್ಯಾ ಕಂಬಕ್ಕೆ ಒರಗಿಕೊಂಡಿದ್ದ. ನಾವು ಹೆಂಗಸರು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಅಯ್ಯನವರು ಕೇಳಿದಾಗ ದೊಡ್ಡಾಯಿ ಮೊದಲು ಮಗನ ಮುಖ ನೋಡಿದಳು.

“ವ್ಯಾಪಾರಿ ಮಗ ಇವ,” ಎಂದಳು. “ಗದ್ವಾಲದಾಂವ ಸತ್ತ ಮ್ಯಾಲ, ಉಡಿಕಿಗಿಂತ ಮೊದಲ. ತಪ್ಪು ನಂದು. ಇನ್ನೇನರ ಕೇಳೂದೈತೇನ್ರೀ?”

ಗದ್ವಾಲದ ಹಿರಿಯರು ತಲೆ ತಗ್ಗಿಸಿದರು. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ. ಇಲ್ಲಿ ಆಡಿದವಳು ಅವಳೇ ಆಗಿದ್ದಳು. ನಾಳೆಯಿಂದ ಪೇಟೆಯಲ್ಲಿ ತನ್ನನ್ನು ಏನೆಂದು ಕರೆಯುತ್ತಾರೆಂದು ಮುತ್ಯಾನಿಗೆ ಗೊತ್ತಿತ್ತು. ಅವನು ಎದ್ದ. ಹೊರಗೆ ಹೊರಟನೆಂದುಕೊಂಡೆವು. “ಅವ್ವಾ, ಗಂಟಲು ಒಣಗೇತೇನು,” ಎಂದು ತಾನೇ ಚೊಂಬಿನಲ್ಲಿ ನೀರು ತಂದು ಅವಳ ಕೈಗೆ ಕೊಟ್ಟ. ಆಗ ನನಗೆ ನನ್ನ ಮೇಲೇ ನಾಚಿಕೆಯಾಯಿತು. ಲಗ್ನ ಗಟ್ಟಿಯಾಯಿತೆಂದು ಖುಷಿಯೂ ಆಯಿತು. ಎರಡೂ ನಿಜ.

ಲಗ್ನದ ದಿನ ದೊಡ್ಡಾಯಿ ಹಂದರಕ್ಕೆ ಬರಬಾರದೆಂದು ಅಯ್ಯನವರೇ ಅಪ್ಪಣೆ ಮಾಡಿದರು. ಹಾದರ ಒಪ್ಪಿಕೊಂಡವಳ ಅಕ್ಷತೆ ಬೀಳಬಾರದಂತೆ. ಅವಳ ಮಾತು ಬೇಕು, ಅಕ್ಷತೆ ಬೇಡ. ಈಗ ನೆನೆದರೂ ನನಗೆ ಮೈ ಉರಿಯುತ್ತದೆ. ಆ ದಿನ ಮಾತ್ರ ಬಾಯಿ ಮುಚ್ಚಿಕೊಂಡು ತಾಳಿ ಕಟ್ಟಿಸಿಕೊಂಡೆ.

ಗದ್ವಾಲಕ್ಕೆ ಹೊರಡುವ ಮುಂಚೆ ಹಿತ್ತಲ ಕೋಣೆಗೆ ಹೋದೆ. ದೊಡ್ಡಾಯಿ ಒಬ್ಬಳೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಾಲಿಗೆ ಬಿದ್ದೆ. ಕೇಳದೆ ಇರಲಾಗಲಿಲ್ಲ.

“ಆಯೀ, ಅವತ್ತ ಹೇಳಿದ್ದು ಖರೇ ಏನು?”

ಅವಳು ನನ್ನ ಸೆರಗು ಸರಿ ಮಾಡಿದಳು.

“ನಿನಗ ಗಂಡ ಬೇಕಾಗಿತ್ತೋ, ಖರೇ ಬೇಕಾಗಿತ್ತೋ?”

“ಗಂಡ,” ಎಂದೆ.

“ಹಂಗಾರ ನಡಿ. ಬಂಡ್ಯಾಗ ಕಾಯಾಕ ಹತ್ಯಾರ,” ಎಂದಳು.