ಯಾವ ದಡದವರು ನಾವು?

ಮೊನ್ನೆ ಶಿವನಸಮುದ್ರದ ಹತ್ತಿರ ಹರಿಗೋಲಿನಲ್ಲಿ ಕೂತಿದ್ದೆವು. ಅಂಬಿಗ ಮೋಜಿಗೆಂದು ಅದನ್ನು ಗಿರಗಿರನೆ ತಿರುಗಿಸಿದಾಗ ಮೊಮ್ಮಗಳು ಕಿರುಚಿದಳು, "ಅಜ್ಜೀ, ನಾವು ಯಾವ ಕಡೆಯಿಂದ ಬಂದ್ವಿ?"

ನಾನು ಅವಳಷ್ಟಿದ್ದಾಗ ನಮ್ಮ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಕಾವೇರಿಯ ಆಚೆ ದಡ ಮೈಸೂರಿನದು. ನನ್ನ ತಾತ ನಡುಹೊಳೆಯಲ್ಲಿ ಬಲೆ ಬಿಡುತ್ತಿದ್ದ. ಆರಿದ ಬೀಡಿ ತುಟಿಯಲ್ಲೇ ಇರುತ್ತಿತ್ತು. ಹರಿಗೋಲಿನ ಒದ್ದೆ ಚರ್ಮದ ಮೇಲೆ ಮೀನುಗಳ ಜೊತೆ ನಾನು.

ಒಂದು ದಿನ ನಮ್ಮ ದಡದಿಂದ ಖಾಕಿ ತೊಟ್ಟ ಗಾರ್ಡು ಇನ್ನೊಂದು ಹರಿಗೋಲಿನಲ್ಲಿ ಬರುವುದು ಕಂಡಿತು. ತಾತನ ಬಳಿ ಮೀನು ಹಿಡಿಯುವ ಚೀಟಿ ಇರಲಿಲ್ಲ. ಅವನು ನಮ್ಮ ಹರಿಗೋಲನ್ನು ಬುಗುರಿಯಂತೆ ತಿರುಗಿಸಿದ. ನಾನು ನಕ್ಕೇ ನಕ್ಕೆ. ಅದು ನಿಂತರೂ ತಲೆ ಸುತ್ತುತ್ತಿತ್ತು. ಎರಡು ದಡದಲ್ಲೂ ಅದೇ ಹೊಂಗೆ, ಅದೇ ಬಂಡೆ.

"ಈ ದಡದೋನಾದ್ರೆ ಚೀಟಿ ತೋರ್ಸು. ಚೀಟಿ ಇಲ್ದಿದ್ರೆ ಬಲೆ ಕೊಡು," ಎಂದ ಗಾರ್ಡು.

"ನಾ ಯೋಳುದ್ರೆ ನೀವು ನಂಬಕಿಲ್ಲ ಸಾ. ಮಗೀನೇ ಕೇಳಿ," ಎಂದ ತಾತ.

"ನಿಮ್ಮನೆ ಯಾವ ಕಡೆ ಮಗಾ?"

ನಾನು ಬೆರಳು ತೋರಿಸಿದೆ.

"ಓ, ಮೈಸೂರೋರು. ಓಗಿ ಅತ್ಲಾಗೆ!" ಎಂದು ಗಾರ್ಡು ನಮ್ಮನ್ನು ಅಟ್ಟಿದ.

ಬಲೆ ಉಳಿಯಿತು. ಅವನು ಮರೆಯಾಗುವವರೆಗೆ ನಾವು ಆಚೆ ದಡದಲ್ಲಿ ಕೂತೆವು. ಎದುರು ದಡದಲ್ಲಿ ನಮ್ಮನೆ ಕಂಡಾಗ ನನಗೆ ಅಳು ಬಂತು.

"ತಾತ, ನಾ ಸುಳ್ಳು ಯೋಳ್ಬುಟ್ನಾ?"

"ಇಲ್ಲ ಕಣವ್ವಾ. ನಿಂಗೆ ಕಂಡದ್ದ ಯೋಳ್ದೆ."

ತಾತ ಹರಿಗೋಲು ತಿರುಗಿಸಿದ್ದು ನನ್ನನ್ನು ನಗಿಸಲಿಕ್ಕೋ, ಗಾರ್ಡಿಗೆ ಉತ್ತರ ಸಿದ್ಧಮಾಡಲಿಕ್ಕೋ, ಇವತ್ತಿಗೂ ಗೊತ್ತಾಗಿಲ್ಲ. ಮೊಮ್ಮಗಳು ಮತ್ತೆ ಕೇಳಿದಳು. ದಡ ತೋರಿಸಲು ಕೈ ಎತ್ತಿದವಳು ಹಾಗೇ ಇಳಿಸಿದೆ.