ಬಾರದ ಫೋನಿಗೆ ಬಿಗಿದ ಕೈ

ಟವೆಲ್ ಕೆಳಗೆ ನನ್ನ ಕೈ ಮಟನ್ ವ್ಯಾಪಾರಿಯೊಬ್ಬರ ಕೈಯಲ್ಲಿತ್ತು. ಅಷ್ಟರಲ್ಲಿ ತೊಡೆಯ ಹತ್ತಿರ ಫೋನ್ ಗುಂಯ್ ಅಂತು... ನನ್ನ ಕೈ ತಾನಾಗಿಯೇ ಬಿಗಿಯಿತು.

ಅಷ್ಟೇ. ಅವ್ವನ ಟಗರು ಹೋಯಿತು!

ಹೋದ ತಿಂಗಳ ಮಾತಿದು. ನಮ್ಮೂರು ಆಂಧ್ರ ಗಡಿಯ ಹೊಳಗುಂದದ ಹತ್ತಿರ. ಅವ್ವ ಬಾಟಲಿ ಹಾಲು ಕುಡಿಸಿ ಸಾಕಿದ ಕರಿಯ ಎಂಬ ಟಗರು, ಹಿಂಡಿನ ಇನ್ನೊಂದು ಟಗರಿನ ಜೊತೆ ದಿನಾ ಗುದ್ದಾಡುತ್ತಿತ್ತು. ಒಂದನ್ನು ಮಾರಲೇಬೇಕಾಯಿತು, ಹೆಚ್ಚು ಗುದ್ದುತ್ತಿದ್ದ ಕರಿಯನನ್ನೇ ಆರಿಸಿದೆವು.

"ಕೊಯ್ಯೋರಿಗೆ ಮಾತ್ರ ಕೊಡಬ್ಯಾಡಪ್ಪ. ಹಿಂಡಿಗೆ ಬಿಟ್ಕೊಳ್ಳೋರಿಗೇ ಕೊಡು" ಅಂತ ಅವ್ವ ಮತ್ತೆ ಮತ್ತೆ ಹೇಳಿ ಕಳಿಸಿದ್ದಳು.

ಸೋದರಮಾವನ ಜೊತೆ ಸಂತೆಗೆ ಹೋದೆ. ನಮ್ಮ ಕಡೆ ಕುರಿ ವ್ಯಾಪಾರದಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹಾಕಿ, ಬೆರಳು ಹಿಡಿದು ತಿಳಿಸುತ್ತಾರೆ. ಎದುರಿನವರ ಕೈಯನ್ನು ಗಟ್ಟಿಯಾಗಿ ಹಿಡಿದರೆ ಒಪ್ಪಿದಂತೆ. ಆಮೇಲೆ ಹಿಂದೆ ಸರಿಯುವ ಹಾಗಿಲ್ಲ.

ಮೊದಲು ಬಂದವರೇ ಆ ಮಟನ್ ವ್ಯಾಪಾರಿ. ಅವರಿಗೆ ಕೊಡುವ ಯೋಚನೆಯೇ ನಮಗಿರಲಿಲ್ಲ.

"ಸುಮ್ನ ಕೈ ಕೊಡೋ, ಇವತ್ತು ರೇಟ್ ಹೆಂಗೈತಿ ಗೊತ್ತಾಗ್ತೈತಿ. ಆಮ್ಯಾಲ ಬ್ಯಾಡಂದ್ರಾತು" ಅಂದ ಮಾವ. ಕೊಟ್ಟೆ.

ಆಗಲೇ ಆ ಗುಂಯ್...

ವ್ಯಾಪಾರಿ ಟವೆಲ್ ಕೊಡವಿ ನಕ್ಕರು. "ಆತಲ್ಲ, ಮುಗೀತು."

"ಇಲ್ರಿ, ಇಲ್ರಿ! ಫೋನ್ ಬಂತು, ಅದಕ್ಕ ಕೈ ಬಿಗೀತು!" ಅಂತ ಬಡಬಡಿಸಿದೆ.

ಮಾವ ನನ್ನ ಮುಖವನ್ನೇ ನೋಡಿದ. "ಯಾವ ಫೋನೋ? ನಿನ್ ಫೋನ್ ನನ್ ಕೈಯಾಗ ಐತಲ್ಲ!"

ಹೌದು. ಕರಿಯನ ವಿಡಿಯೋ ತೆಗಿ ಅಂತ ನಾನೇ ಕೊಟ್ಟಿದ್ದೆ. ಜೇಬು ಮುಟ್ಟಿ ನೋಡಿಕೊಂಡರೆ ಖಾಲಿ.

ಎಷ್ಟು ಕೈ ಮುಗಿದರೂ ವ್ಯಾಪಾರಿ ಒಪ್ಪಲಿಲ್ಲ. ಅವರದೂ ತಪ್ಪಿಲ್ಲ ಬಿಡಿ, ಅಷ್ಟು ಜನ ನೋಡುತ್ತಿದ್ದರು. ಕರಿಯ ನನ್ನ ಕಡೆ ತಿರುಗಿ ತಿರುಗಿ ಕೂಗುತ್ತಾ ಹೋಯಿತು.

ನಾನು ಆದವಾನಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಲಾರಿಗಳ ಲೋಡ್ ನೋಡಿಕೊಳ್ಳುವವನು. ನಮ್ಮ ಓನರ್ ಮಿಲ್ಲಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಹಾಕಿದ ತಕ್ಷಣ ರಿಪ್ಲೈ ಹೋಗಬೇಕು. ಸ್ವಲ್ಪ ತಡವಾದರೂ "ಏಮಯ್ಯಾ, ಪಡುಕುನ್ನಾವಾ?" ಅಂತ ತೆಲುಗಿನಲ್ಲಿ ಕೇಳುತ್ತಾರೆ, ಮಲಗಿಬಿಟ್ಟೆಯಾ ಅಂತ, ಎಲ್ಲರೆದುರಿಗೆ.

ಭಾನುವಾರವೂ ಅದೇ ಗೋಳು. ಸ್ನಾನಕ್ಕೆ ಹೋದರೂ ಫೋನ್ ಬಚ್ಚಲಿನ ಕಿಟಕಿಯಲ್ಲಿರುತ್ತದೆ.

ಆದರೂ ಇಲ್ಲದ ಫೋನ್ ಗುಂಯ್ ಅನ್ನುವುದು ಹೇಗೆ? ಸಂತೆಯಿಂದ ಬಂದಮೇಲೆ ನನಗೆ ಇದೇ ಹುಚ್ಚು ಹಿಡಿದಿದೆ.

ಫೋನನ್ನು ಕಪಾಟಿನಲ್ಲಿಟ್ಟು ಅಂಗಳದಲ್ಲಿ ಕೂತು ನೋಡಿದೆ. ಗುಂಯ್. ಎಡಗಡೆ ಜೇಬಿಗೆ ಬದಲಿಸಿದೆ. ಸ್ವಲ್ಪ ದಿನಕ್ಕೆ ಅಲ್ಲೂ ಶುರು. ಲುಂಗಿ ಉಟ್ಟಾಗಲೂ ಗುಂಯ್... ಅಲ್ರೀ, ಲುಂಗಿಗೆ ಜೇಬೆಲ್ಲಿದೆ?

ಮಿಲ್ಲಿನ ಗೆಳೆಯನಿಗೆ ನಾಚಿಕೊಂಡೇ ಹೇಳಿದೆ. "ನನಗೂ ಆಗ್ತೈತಲೇ! ಯಾರ ಮುಂದ ಹೇಳ್ಲಿ ಅಂತ ಸುಮ್ನಿದ್ದೆ" ಅಂದ.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ನಿನ್ನೆ ರೊಟ್ಟಿ ಬಡಿಯುತ್ತಾ ತಲೆ ಎತ್ತದೆ ಕೇಳಿದಳು, "ಅವತ್ತು ನಿನ್ನ ಕರದಿದ್ದು ಯಾರಪ್ಪ? ಅಷ್ಟು ಅರ್ಜೆಂಟ್ ಏನಿತ್ತು?"

ಫೋನ್ ತೆಗೆದು ನೋಡಿದೆ. ಆ ಹೊತ್ತಿನಲ್ಲಿ ಒಂದು ಕಾಲ್ ಇಲ್ಲ, ಒಂದು ಮೆಸೇಜ್ ಇಲ್ಲ. ಗ್ರೂಪ್ ಕೂಡ ತಣ್ಣಗಿತ್ತು.

"ಯಾರೂ ಇಲ್ಲವ್ವ" ಅಂದೆ.

ಅವಳು ಬಡಿಯುವುದನ್ನು ನಿಲ್ಲಿಸಿದಳು. "ಮತ್ತ ನೀ ಯಾರಿಗೆ ಓ ಅಂದಿ?"

ಅವ್ವನಿಗೆ ಏನಂತ ಹೇಳಲಿ... ನಿಮಗೇನಾದರೂ ಗೊತ್ತಾ?